ಅನ್ನ ಬಿಡಬೇಡ ಮಾರಾಯ, ಮೊದಲು ಗ್ಲಾಸು ಕೆಳಗಿಡು

ಪ್ರೀತಿಯ ಗೆಳೆಯ,

ನಿನ್ನ ಮೆಸೇಜು ಓದಿದೆ. ತೂಕ ಇಳಿಸಬೇಕು ಅಂತ ಅನ್ನ ಪೂರ್ತಿ ಬಿಟ್ಟು ಎರಡು ಹೊತ್ತೂ ಓಟ್ಸ್ ತಿನ್ನುತ್ತಿದ್ದೀಯಂತೆ. ಮೊದಲ ವಾರವೇ ಎರಡು ಕೆಜಿ ಇಳಿಯಿತು, ಈಗ ಮುಳ್ಳು ಅಲ್ಲಾಡುತ್ತಿಲ್ಲ ಅಂತ ಬೇಜಾರು ಬೇರೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಿಲ್ಲುತ್ತದೆ ಅಂತ ಬರೆಯುತ್ತಿದ್ದೇನೆ. ಬೇರೆಯವರಿಗೂ ಉಪಯೋಗವಾಗಲಿ ಅಂತ ನಿನ್ನ ಹೆಸರು ತೆಗೆದು ಇಲ್ಲಿ ಹಾಕಿದ್ದೇನೆ.

ಆ ಎರಡು ಕೆಜಿಯಲ್ಲಿ ಹೆಚ್ಚಿನದು ನೀರು. ಅನ್ನದಂಥ ಊಟದಿಂದ ಮೈಗೆ ಸಿಗುವ ಸಕ್ಕರೆಯಲ್ಲಿ ಸ್ವಲ್ಪ ಭಾಗ ಗ್ಲೈಕೋಜೆನ್ ಆಗಿ ಲಿವರಿನಲ್ಲಿ, ಮಾಂಸಖಂಡದಲ್ಲಿ ಉಳಿಯುತ್ತದೆ. ಅದರ ಒಂದು ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಅನ್ನ ನಿಂತಾಗ ಎರಡೂ ಇಳಿಯುತ್ತವೆ. ಕೊಬ್ಬು ಅಷ್ಟು ಬೇಗ ಕರಗುವುದಿಲ್ಲ. ಓಟ್ಸಿನಲ್ಲಿ ನಾರು ಜಾಸ್ತಿ, ನಿಜ. ಆದರೆ 100 ಗ್ರಾಂ ಒಣ ಓಟ್ಸಿಗೆ 380ರ ಆಸುಪಾಸು ಕ್ಯಾಲೊರಿ, ಅಕ್ಕಿಗೆ 350ರ ಆಸುಪಾಸು. ಇದಕ್ಕಾಗಿ ಕುಚ್ಚಲಕ್ಕಿ ಗಂಜಿಯನ್ನು ದೂರ ಮಾಡಬೇಕಾ? ಒಂದು ಸೌಟು ಕಡಿಮೆ ಬಡಿಸಿಕೋ, ಜೊತೆಗೆ ಹುರುಳಿ ಚಟ್ನಿಯೋ ಪಲ್ಯವೋ ಜಾಸ್ತಿ ಇರಲಿ. ಸಾಕು.

ಅನ್ನ ಬಿಟ್ಟ ನೀನು ಚಾ ಬಿಟ್ಟಿಲ್ಲ, ಅಲ್ವಾ? ಹೋಟೆಲಿನ ಒಂದು ಗ್ಲಾಸು ಚಾಕ್ಕೆ ಎರಡು ಚಮಚ ಸಕ್ಕರೆ ಅಂತ ಇಟ್ಟುಕೋ. ಹತ್ತು ಗ್ರಾಂ ಹತ್ತಿರ. ಬೆಳಿಗ್ಗೆಯಿಂದ ಸಂಜೆಯೊಳಗೆ ನಾಲ್ಕು ಚಾ ಅಂದರೆ 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಹೀಗೆ ಸೇರಿಸಿದ ಸಕ್ಕರೆ ದಿನದ ಕ್ಯಾಲೊರಿಯ ಶೇ. 10 ದಾಟಬಾರದು, ಶೇ. 5ರ ಒಳಗಿದ್ದರೆ ಇನ್ನೂ ಒಳ್ಳೆಯದು ಅಂತ. ಶೇ. 5 ಅಂದರೆ ಸುಮಾರು 25 ಗ್ರಾಂ. ಮಧ್ಯಾಹ್ನ 300 ಮಿಲಿ ಕೋಲಾ ಕುಡಿದರೆ ಅದೊಂದರಲ್ಲೇ 30 ಗ್ರಾಂ ದಾಟಿತು.

ಜ್ಯೂಸ್ ಒಳ್ಳೆಯದು ಅಂತ ನೀನು ನಂಬಿದ್ದೀಯ. ಮಂಗಳೂರಿನ ಹಂಪನಕಟ್ಟೆ ಕಡೆ ಹೋದಾಗ ಯಾವುದಾದರೂ ಜ್ಯೂಸ್ ಅಂಗಡಿಯಲ್ಲಿ ಮಿಕ್ಸಿಯ ಪಕ್ಕ ನಿಂತು ನೋಡು. ಜಾರಿಗೆ ನಾಲ್ಕು ಚಿಕ್ಕು ಹೋಳು, ಹಾಲು, ಐಸು. ಆಮೇಲೆ ದೊಡ್ಡ ಚಮಚದಲ್ಲಿ ಸಕ್ಕರೆ, ಒಮ್ಮೆ ಅಲ್ಲ, ಮತ್ತೆ ಮತ್ತೆ. ಅಷ್ಟು ಕುಡಿದ ಮೇಲೂ ಊಟಕ್ಕೆ ಕೂತಾಗ ಹಸಿವು ಹಾಗೇ ಇರುತ್ತದೆ. ಅಗಿದು ತಿಂದದ್ದು ತುಂಬಿದ ಹಾಗೆ ಕುಡಿದದ್ದು ಹೊಟ್ಟೆ ತುಂಬುವುದಿಲ್ಲ. ತೂಕ ಏರುವ ದಾರಿ ಇದೇ. ಚಾ, ಜ್ಯೂಸ್ ಎರಡಕ್ಕೂ ಮೊದಲೇ "ಸಕ್ಕರೆ ಬೇಡ" ಅಂತ ಹೇಳು. ಬಾಯಾರಿದರೆ ನೀರು ಮಜ್ಜಿಗೆ ಉಂಟು, ಸಕ್ಕರೆ ಹಾಕದ ಪುನರ್ಪುಳಿ (ಕೋಕಂ) ಶರಬತ್ತು ಉಂಟು. ಬೊಂಡ, ಅಂದರೆ ಎಳನೀರು, ಒಂದು ಕುಡಿದರೂ ಅಡ್ಡಿಯಿಲ್ಲ.

ಶನಿವಾರದ ಬಿಯರ್ ವಿಷಯ ನೀನೇ ಯೋಚಿಸು. ಆಲ್ಕೋಹಾಲಿನ ಒಂದು ಗ್ರಾಮಿಗೆ 7 ಕ್ಯಾಲೊರಿ, ಜೊತೆಗೆ ಬರುವ ಕಬಾಬು ಬೇರೆ.

ತಿಂಡಿಯಲ್ಲಿ ನಾನು ಬಿಡು ಅನ್ನುವುದು ಒಂದೇ, ದಿನಾ ಸಂಜೆಯ ಗೋಳಿಬಜೆ, ಬನ್ಸ್. ಎರಡೂ ಮೈದಾ, ಎಣ್ಣೆಯಲ್ಲಿ ಕರಿದದ್ದು. ಒಂದು ದೊಡ್ಡ ಚಮಚ ಎಣ್ಣೆ ಒಳಗೆ ಹೋದರೆ 120 ಕ್ಯಾಲೊರಿ. ಹಬ್ಬಕ್ಕೋ ನೆಂಟರು ಬಂದಾಗಲೋ ಖುಷಿಯಲ್ಲಿ ತಿನ್ನು. ಎಂದೋ ಒಮ್ಮೆ ಮಕ್ಕಳ ಜೊತೆ ತಿನ್ನುವ ಗಡ್‌ಬಡ್ ಐಸ್‌ಕ್ರೀಮ್ ಬಗ್ಗೆಯೂ ನನ್ನ ತಕರಾರಿಲ್ಲ. ಮೀನಂತೂ ಬಿಡಲೇಬೇಡ. ಬೂತಾಯಿಯಲ್ಲಿ ಪ್ರೋಟೀನೂ ಉಂಟು, ಒಮೆಗಾ-3 ಕೊಬ್ಬೂ ಉಂಟು. ಫ್ರೈ ಬದಲು ಹುಳಿ-ಖಾರದ ಪುಳಿಮುಂಚಿ ಸಾರು ಮಾಡಿಸು, ಎಣ್ಣೆ ಸ್ವಲ್ಪ ಸಾಕು.

ದಿನಾ ತೂಕ ನೋಡುವುದು ನಿಲ್ಲಿಸು. ಟೇಪ್ ಹಿಡಿದು ಸೊಂಟ ಅಳೆ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್ ಮೀರಿದರೆ ಎಚ್ಚರ ಬೇಕು ಅನ್ನುತ್ತಾರೆ.

ಇನ್ನೊಂದು ಮಾತು, ಇದನ್ನು ಮುಂದೂಡಬೇಡ. ನೀನು ಶುಗರಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯ. ಕೆಲವು ಮಾತ್ರೆಗಳು ಒಳಗಿರುವಾಗ ಏಕಾಏಕಿ ಊಟ ಕಡಿಮೆ ಮಾಡಿದರೆ ಶುಗರ್ ತೀರಾ ಇಳಿದು ಕೈ ನಡುಗಬಹುದು, ತಲೆ ತಿರುಗಿ ಬೀಳಲೂಬಹುದು. ನೀನು ಬೈಕಿನಲ್ಲಿ ಹೈವೇ ದಾಟುವವನು. ನಾಳೆಯೇ ನಿನ್ನ ಡಾಕ್ಟರಿಗೆ ಅನ್ನ ಬಿಟ್ಟ ವಿಷಯ ಹೇಳು. ಅವರು ಏನೆಂದರು ಅಂತ ರಾತ್ರಿ ನನಗೆ ಫೋನ್ ಮಾಡು.

ಇತಿ ನಿನ್ನ,
ಉಡುಪಿಯ ಗೆಳೆಯ