ಕಿವಿ ಮಂದವಾದರೆ ಎಣ್ಣೆ ಬಿಡಬೇಡಿ, ಪರೀಕ್ಷೆ ಮಾಡಿಸಿ

ಮಾನ್ಯ ಸಂಪಾದಕರೇ,

ಕಿವಿ ಮಂದ ಎಂದರೆ ನಮ್ಮ ಕಡೆ ಎರಡೇ ಉತ್ತರ. ವಯಸ್ಸಾಯಿತು, ಇಲ್ಲವೇ ಗುಗ್ಗೆ ತುಂಬಿದೆ. ಮೂವತ್ತರ ಹೆಂಗಸರಿಗೂ ತೆಂಗಿನೆಣ್ಣೆ ಬಿಸಿ ಮಾಡಿ ಬಿಡುತ್ತಾರೆ. ಕಿವಿಯೊಳಗೆ ಮೂಳೆ ಬೆಳೆದೂ ಹೀಗಾಗುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಅದಕ್ಕೆ ಒಟೋಸ್ಕ್ಲೆರೋಸಿಸ್ ಎನ್ನುತ್ತಾರೆ.

ನನ್ನ ಅಕ್ಕನಿಗೆ ಇದೇ ಇತ್ತು, ಎರಡನೇ ಹೆರಿಗೆಯ ನಂತರ ಜಾಸ್ತಿಯಾಯಿತು. ಸಿಟಿ ಬಸ್ಸಿನ ಗಲಾಟೆಯಲ್ಲಿ ಮಾತಾಡಿಸಿದರೆ ಸರಿಯಾಗಿ ಉತ್ತರ ಕೊಡುತ್ತಿದ್ದಳು, ಮನೆಯಲ್ಲಿ ಮೆಲ್ಲಗೆ ಕರೆದರೆ ಕೇಳುತ್ತಿರಲಿಲ್ಲ, ಹಾಗಾಗಿ ‘ಇವಳಿಗೆ ಬೇಕಾದದ್ದು ಮಾತ್ರ ಕೇಳುತ್ತದೆ’ ಎಂದು ಗಂಡನ ಮನೆಯಲ್ಲಿ ಹಂಗಿಸಿದ್ದೇ ಹಂಗಿಸಿದ್ದು. ಅದು ಈ ಕಾಯಿಲೆಯದ್ದೇ ಲಕ್ಷಣ. ಗಲಾಟೆಯಲ್ಲಿ ಎದುರಿನವರು ದನಿ ಏರಿಸುತ್ತಾರೆ, ಆ ಗಲಾಟೆ ಇವರಿಗೆ ಅಷ್ಟಾಗಿ ಕೇಳುವುದೂ ಇಲ್ಲ.

ನಡುಗಿವಿಯಲ್ಲಿ ಮೂರು ಪುಟ್ಟ ಮೂಳೆಗಳಿವೆ. ಕೊನೆಯದು ಸ್ಟೇಪಿಸ್. ಸುಮಾರು 3 ಮಿಲಿಮೀಟರ್, ಮೈಯಲ್ಲೇ ಅತಿ ಚಿಕ್ಕ ಮೂಳೆ. ಅದು ಅಲುಗಿದರೆ ಸದ್ದು ಒಳಗಿವಿಗೆ ಹೋಗುತ್ತದೆ. ಅದರ ಬುಡದಲ್ಲಿ ಹೊಸ ಮೂಳೆ ಬೆಳೆದರೆ, ಮಳೆಗಾಲದಲ್ಲಿ ಉಬ್ಬಿದ ಬಾಗಿಲಿನ ಹಾಗೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಕಿವಿತಮಟೆ ಮಾತ್ರ ಸಾಮಾನ್ಯವಾಗಿ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಟಾರ್ಚ್ ಹಾಕಿ ನೋಡಿ ‘ಏನೂ ಇಲ್ಲ’ ಎಂದರೆ ಸುಮ್ನೆ ಮನೆಗೆ ಬರಬೇಡಿ, ಆಡಿಯೋಮೆಟ್ರಿ (ಎಷ್ಟು ಕೇಳುತ್ತದೆ ಎಂದು ಯಂತ್ರದಲ್ಲಿ ಅಳೆಯುವ ಪರೀಕ್ಷೆ) ಮಾಡಿಸಿ. ಎಣ್ಣೆಯಂತೂ ತಮಟೆ ದಾಟಿ ಅಲ್ಲಿಗೆ ಹೋಗುವುದೇ ಇಲ್ಲ, ಅಲ್ವಾ?

ಇದು ಹಲವು ಮನೆತನಗಳಲ್ಲಿ ವಂಶದಿಂದ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಬಸಿರಿನ ಹಾರ್ಮೋನು, ದಡಾರದ ವೈರಸ್ಸು ಎರಡರ ಮೇಲೂ ವೈದ್ಯರಿಗೆ ಅನುಮಾನ ಇದೆ. (ಸಸಿಹಿತ್ಲು ಕಡಲತೀರದಲ್ಲಿ ಸರ್ಫಿಂಗ್ ಮಾಡುವ ಹುಡುಗರು ಹೆದರಬೇಡಿ. ಸರ್ಫಿಂಗಿನವರ ಕಿವಿಯಲ್ಲಿ ಬೆಳೆಯುವ ಮೂಳೆ ಬೇರೆ, ಅದು ಹೆಚ್ಚಾಗಿ ತಣ್ಣನೆ ಸಮುದ್ರದಲ್ಲಿ ವರ್ಷಗಟ್ಟಲೆ ಇಳಿಯುವವರಿಗೆ ಬರುವುದು.)

ಬೆಳೆದ ಮೂಳೆಯನ್ನು ಕರಗಿಸುವ ಮಾತ್ರೆ ಇಲ್ಲ. ಕೆಲವರಿಗೆ ಶ್ರವಣ ಯಂತ್ರವೇ ಸಾಕಾಗುತ್ತದೆ. ಇಲ್ಲದಿದ್ದರೆ ಆಪರೇಷನ್, ಸ್ಟೇಪಿಸ್ ಜಾಗಕ್ಕೆ ಅದರಂತೆಯೇ ಅಲುಗುವ ಪುಟ್ಟ ಕೃತಕ ಕಡ್ಡಿ (ಪಿಸ್ಟನ್) ಕೂರಿಸುತ್ತಾರೆ. ಅಮೆರಿಕದ ವೈದ್ಯ ಜಾನ್ ಶೀ 1956ರಲ್ಲೇ ಸ್ಟೇಪಿಸ್ ತೆಗೆದು ಬದಲಿ ಕೂರಿಸಿದ್ದರು, ಹೊಸತೇನಲ್ಲ. ಹೆಚ್ಚಿನವರಿಗೆ ಚೆನ್ನಾಗಿ ಕೇಳಿಸುತ್ತದೆ. ಆದರೆ ಅಪರೂಪಕ್ಕೆ ಆ ಕಿವಿ ಪೂರ್ತಿ ಹೋಗುವುದೂ ಇದೆ, ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಊರೂರಿನ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಶುಗರ್ ನೋಡುತ್ತಾರೆ. ಹೆರಿಗೆಯಾದ ಹೆಂಗಸರ ಕಿವಿಯನ್ನೂ ನೋಡಲಿ. ಜಿಲ್ಲಾ ಆರೋಗ್ಯ ಇಲಾಖೆ ಇದನ್ನು ಗಮನಿಸಬೇಕು.

- ಒಬ್ಬ ಓದುಗ, ಸುರತ್ಕಲ್