‘ನಾನೇ ತಪ್ಪಾಗಿದ್ದರೆ?’ ಅಂತ ಕೇಳಿದ್ದಕ್ಕೆ

ಚಿ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದ.

ಮನೆಯ ಸುದ್ದಿಯೆಲ್ಲ ನಿನಗೆ ಗೊತ್ತಿರುವುದೇ, ಅದನ್ನು ಬಿಟ್ಟೆ. ನಿನ್ನ ಕಾಗದದ ಒಂದು ಸಾಲು ಎರಡು ದಿನದಿಂದ ತಲೆಯಲ್ಲೇ ಕೂತಿದೆ. “ಬೇಲಿಯಾಚೆಯ ಕುದುರೆಯ ಪಕ್ಕೆಲುಬು ಎಣಿಸಬಹುದು ದೊಡ್ಡಮ್ಮ, ಜೊತೆಗೆ ಹಾಲು ಕುಡಿಯುವ ಮರಿ ಬೇರೆ. ದೂರು ಕೊಡೋಣ ಅಂದರೆ, ನಾನೇ ತಪ್ಪಾಗಿದ್ದರೆ?” ಉಳಿದ ಪುಟಗಳೆಲ್ಲ ನಿನ್ನ ಕುದುರೆಗೆ ಮರಿ ಮಾಡಿಸುವ ಉತ್ಸಾಹ. ನನಗೆ ಎರಡೂ ಬೇರೆ ವಿಷಯ ಅನ್ನಿಸಲಿಲ್ಲ.

ಮೊದಲು ಆ ಪಕ್ಕೆಲುಬು. ಅದೊಂದನ್ನೇ ನೋಡಬೇಡ. ಕುದುರೆಯ ಮೈಕಟ್ಟು ಅಳೆಯಲು ಹೆನ್ನೆಕೆ ಅನ್ನುವವರು 1983ರಲ್ಲಿ ಕೊಟ್ಟ 1ರಿಂದ 9ರ ಅಂಕ ಈಗಲೂ ಬಹಳ ಕಡೆ ನಡೆಯುತ್ತದೆ. ಆರು ಜಾಗ ನೋಡಬೇಕು: ಕುತ್ತಿಗೆ, ಹೆಗಲಿನ ಉಬ್ಬು, ಭುಜದ ಹಿಂಬದಿ, ಪಕ್ಕೆ, ಸೊಂಟದ ಮೇಲಿನ ಬೆನ್ನು, ಬಾಲದ ಬುಡ. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸುಲಭವಾಗಿ ಸಿಕ್ಕರೆ 5. ಪಕ್ಕೆಲುಬು ಎದ್ದು ಕಂಡು, ಬಾಲದ ಬುಡವೂ ಉಬ್ಬಿ ನಿಂತಿದ್ದರೆ 3ರ ಆಸುಪಾಸು. ಎಲ್ಲೆಡೆ ಮೂಳೆ ಚಾಚಿ, ಕೊಬ್ಬಿನ ಸುಳಿವೇ ಇಲ್ಲದಿದ್ದರೆ 1. ಗಬ್ಬದ ಹೊಟ್ಟೆ, ಜಂತುಹುಳುವಿನ ಹೊಟ್ಟೆ ಎರಡೂ ಕಣ್ಣಿಗೆ ಮೋಸ ಮಾಡುತ್ತವೆ. ಚಳಿಗಾಲದ ದಪ್ಪ ಕೂದಲಂತೂ ಪಕ್ಕೆಯನ್ನೇ ಮುಚ್ಚಿಬಿಡುತ್ತದೆ. ಬೆನ್ನು, ಬಾಲದ ಬುಡ ಅಷ್ಟಾಗಿ ಸುಳ್ಳು ಹೇಳುವುದಿಲ್ಲ.

ನೀನು ತಪ್ಪಾಗಿರಬಹುದು, ನಿಜ. ಇಪ್ಪತ್ತು ದಾಟಿದ ಕುದುರೆ ಹಲ್ಲು ಸವೆದು, ಅಗಿದ ಹುಲ್ಲನ್ನು ಉಂಡೆಯಾಗಿ ಉಗುಳುತ್ತಾ ಬಡಕಲಾಗುತ್ತದೆ. ಹಸಿವಿನಿಂದ ಸಾಯುತ್ತಿದ್ದ ಕುದುರೆಯನ್ನು ಯಾರೋ ತಂದು ಸಾಕುತ್ತಿರಲೂಬಹುದು. ಅಂಥದ್ದಕ್ಕೆ ಒಮ್ಮೆಲೇ ಹೊಟ್ಟೆ ತುಂಬಾ ಧಾನ್ಯ ಕೊಟ್ಟರೆ ರಕ್ತದ ಲವಣಗಳು ಏರುಪೇರಾಗಿ ಪ್ರಾಣಕ್ಕೇ ಕುತ್ತು, ಮೈ ತುಂಬಲು ತಿಂಗಳುಗಟ್ಟಲೆ ಬೇಕು. ಮರಿ ಹಾಕಿದ ಹೊಸತರಲ್ಲಿ 500 ಕೆಜಿಯ ತಾಯಿ ದಿನಕ್ಕೆ 15 ಲೀಟರ್‌ನಷ್ಟು ಹಾಲು ಕೊಡುತ್ತದೆ. ಮೇವು ಹೆಚ್ಚಿಸದಿದ್ದರೆ ಮೈ ಕರಗುವುದು ಕಣ್ಣಿಗೇ ಕಾಣುತ್ತದೆ. ಇದರಲ್ಲಿ ಯಾವುದು ಅಂತ ಬೇಲಿಯ ಈಚೆ ನಿಂತು ನಿನಗಾಗಲಿ ನನಗಾಗಲಿ ಗೊತ್ತಾಗುವುದಿಲ್ಲ. ಗೊತ್ತುಮಾಡಿಕೊಳ್ಳುವುದು ತಪಾಸಣೆಗೆ ಬರುವವರ ಕೆಲಸ, ಸುಮಾ. ದೂರು ಕೊಡಲು ಅನುಮಾನಕ್ಕೆ ಆಧಾರವಿದ್ದರೆ ಸಾಕು, ತೀರ್ಪು ನೀನು ಬರೆಯಬೇಕಿಲ್ಲ. ಸುಮ್ಮನಿದ್ದ ದಿನಗಳು ನನ್ನ ಲೆಕ್ಕದಲ್ಲೂ ಇವೆ. ಅವನ್ನಿಲ್ಲಿ ಬಿಚ್ಚುವುದಿಲ್ಲ.

ಆದರೆ ಕಂಡದ್ದನ್ನು ಸರಿಯಾಗಿ ಬರೆದಿಡು. ದಿನಾಂಕ, ಗಂಟೆ, ಜಾಗದ ಗುರುತು, ಎಷ್ಟು ಪ್ರಾಣಿ, ಬಣ್ಣ, ಹಣೆಯ ಚುಕ್ಕೆ, ಕಾಲಿನ ಬಿಳಿ. “ಹಿಂಸೆ ಕೊಡುತ್ತಿದ್ದಾರೆ” ಅಂತ ಬರೆಯಬೇಡ. “ಮೂರು ದಿನ, ಮೂರು ಹೊತ್ತು ನೋಡಿದೆ, ತೊಟ್ಟಿ ಒಣಗಿತ್ತು, ತಳದಲ್ಲಿ ಪಾಚಿ ಸಿಪ್ಪೆಯಾಗಿ ಎದ್ದಿತ್ತು” ಅಂತ ಬರಿ. ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು, ಹಾಲೂಡುವ ತಾಯಿಗೆ ಇನ್ನೂ ಹೆಚ್ಚು. ಹಾಗಾಗಿ ಒಣ ತೊಟ್ಟಿಯೇ ದೊಡ್ಡ ಸಾಕ್ಷಿ. ಫೋಟೊ ರಸ್ತೆಯಿಂದಲೇ ತೆಗೆ, ಪ್ರತಿಸಲ ಅದೇ ಕೋನದಿಂದ. ಬೇಲಿ ಹಾರಬೇಡ, ಮೇವು ಎಸೆಯಬೇಡ. ಕನಿಕರದ ಒಂದು ಬೊಗಸೆ ಧಾನ್ಯ ಹೊಟ್ಟೆನೋವಾಗಿ ತಿರುಗಿಕೊಂಡೀತು. ಮೊಬೈಲಿನಲ್ಲಿ ಊರಿಗೆಲ್ಲ ಹಂಚಲೂ ಬೇಡ. ಸುದ್ದಿ ಹಬ್ಬಿದರೆ ಕುದುರೆ ರಾತ್ರೋರಾತ್ರಿ ಬೇರೆಡೆ ಹೋಗುತ್ತದೆ.

ಮರಿಯ ಮುಖ ಹತ್ತಿರದಿಂದ ಕಂಡರೆ ಮೂಗಿನ ಮೇಲಿನ ಪಟ್ಟಿ ನೋಡು. ಹುಟ್ಟಿದ ಹೊಸತರಲ್ಲಿ ಕಟ್ಟಿದ ಮುಖಪಟ್ಟಿಯನ್ನು ಸಡಿಲಿಸದೆ ಬಿಟ್ಟರೆ ತಲೆ ಬೆಳೆಯುತ್ತದೆ, ಪಟ್ಟಿ ಬೆಳೆಯುವುದಿಲ್ಲ. ಮೊದಲು ಕೂದಲು ಉದುರುತ್ತದೆ, ಆಮೇಲೆ ಚರ್ಮ ಸೀಳುತ್ತದೆ, ಕೊನೆಗೆ ಪಟ್ಟಿಯ ಮೇಲೆಯೇ ಮಾಂಸ ಕೂಡಿಕೊಳ್ಳುತ್ತದೆ. ಇದು ಕಂಡರೆ ಮೂರು ದಿನ ಕಾಯಬೇಡ, ಅಂದೇ ಫೋನ್ ಮಾಡು. ಏಳಲಾಗದೆ ಬಿದ್ದಿರುವ ಕುದುರೆ, ತಂತಿಯಲ್ಲಿ ಸಿಕ್ಕಿದ ಕಾಲು, ಇವಕ್ಕೂ ಅಷ್ಟೇ.

ದೂರು ತೆಗೆದುಕೊಳ್ಳುವ ಕಚೇರಿ ಒಂದೊಂದು ಕಡೆ ಒಂದೊಂದು: ಪೊಲೀಸರು, ಪಶುವೈದ್ಯ ಇಲಾಖೆ, ಪ್ರಾಣಿದಯಾ ಸಂಘ. ಹೆಸರು ಹೇಳದೆಯೂ ಹಲವೆಡೆ ದೂರು ಕೊಡಬಹುದು, ಆದರೆ ಹೆಸರಿದ್ದ ದೂರಿಗೆ ತೂಕ ಹೆಚ್ಚು. ದೂರಿನ ಸಂಖ್ಯೆ ಕೇಳಿ ಬರೆದುಕೋ, ವಾರದ ನಂತರ ಅದೇ ಸಂಖ್ಯೆ ಹೇಳಿ ವಿಚಾರಿಸು. ಯಜಮಾನರ ಹತ್ತಿರ ಮೊದಲು ಮಾತಾಡಬಾರದೇ ಅಂತ ಕೇಳುತ್ತೀಯ. ಮನುಷ್ಯ ಒಳ್ಳೆಯವನು ಅನ್ನಿಸಿದರೆ ಮಾತಾಡು. ಅನ್ನಿಸದಿದ್ದರೆ ಬೇಡ, ಅದರಲ್ಲಿ ದಾಕ್ಷಿಣ್ಯ ಏನೂ ಇಲ್ಲ.

ಈಗ ನಿನ್ನ ಕುದುರೆ. ಉಪದೇಶ ಅನ್ನಿಸಿದರೆ ಸಹಿಸಿಕೋ. ‘ಕಾಲು ಕುಂಟು, ಸವಾರಿಗೆ ಬಾರದು, ಮರಿಯಾದರೂ ಹಾಕಲಿ’ ಅಂತ ಲೆಕ್ಕ ಹಾಕಿದವಳು ನಾನೂ ಹೌದು, ಅದಕ್ಕೇ ಹೇಳುವುದು. ಕುಂಟು ಹುಟ್ಟಿನ ದೋಷದಿಂದಲೋ ಪೆಟ್ಟಿನಿಂದಲೋ ಅಂತ ಮೊದಲು ತಿಳಿ. ಹುಟ್ಟಿನದಾದರೆ ಅದನ್ನೇ ಮರಿಗೂ ಕೊಡುತ್ತೀಯ. ಜೂಲಿನ ಕೂದಲನ್ನು ಬೇರುಸಹಿತ ಕಿತ್ತು ಪ್ರಯೋಗಾಲಯಕ್ಕೆ ಕಳಿಸಿದರೆ ವಂಶದ ಹಲವು ಕಾಯಿಲೆ ತಿಳಿಯುತ್ತದೆ. ಮೈಮೇಲೆ ಬಿಳಿ ಮಚ್ಚೆ ತರುವ ‘ಫ್ರೇಮ್ ಓವರೋ’ ಅನ್ನುವ ಬಣ್ಣದ ಜೀನು ತಾಯಿ ತಂದೆ ಇಬ್ಬರಲ್ಲೂ ಇದ್ದರೆ ನಾಲ್ಕರಲ್ಲಿ ಒಂದು ಗರ್ಭಕ್ಕೆ ಅಪಾಯ. ಮರಿ ಬಿಳಿಯಾಗಿ ಹುಟ್ಟಿ, ಕರುಳು ನಡೆಯದೆ ಕೆಲವೇ ದಿನದಲ್ಲಿ ಸಾಯುತ್ತದೆ.

ಬೆದೆ ಸುಮಾರು 21 ದಿನಕ್ಕೊಮ್ಮೆ. ಕೂಡಿಸುವಾಗ ಮೈಕಟ್ಟು 5ಕ್ಕಿಂತ ಕಡಿಮೆ ಬೇಡ. ಕೂಡಿಸಿದ ಮೇಲೆ 14ರಿಂದ 16ನೇ ದಿನದೊಳಗೆ ಸ್ಕ್ಯಾನ್ ತಪ್ಪಿಸಬೇಡ, ಅವಳಿ ಇದ್ದರೆ ಆಗಲೇ ಒಂದನ್ನು ತೆಗೆಯಬೇಕು. ಕುದುರೆಯ ಗರ್ಭ ಎರಡನ್ನು ಹೊರುವುದು ಅಪರೂಪ, ಹೆಚ್ಚಿನವು ಕಂದು ಹಾಕುತ್ತವೆ. ಆಮೇಲೆ ಹನ್ನೊಂದು ತಿಂಗಳು. ಹೆರುವಾಗ ಮೊದಲು ಕಾಣಬೇಕಾದದ್ದು ಬೆಳ್ಳನೆಯ ಪೊರೆ. ಕೆಂಪು ಮಖಮಲ್ಲಿನಂಥ ಚೀಲ ಕಂಡರೆ ವೈದ್ಯರಿಗೆ ಕಾಯಬಾರದು, ತಕ್ಷಣ ಸೀಳಿ ಮರಿ ಎಳೆಯಬೇಕು, ಒಳಗೆ ಅದಕ್ಕೆ ಉಸಿರಿನ ದಾರಿ ಕಡಿದಿರುತ್ತದೆ. ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು, ಎರಡರೊಳಗೆ ಗಿಣ್ಣು ಹಾಲು ಕುಡಿಯಬೇಕು, ಮೂರರೊಳಗೆ ಮಾಸು ಬೀಳಬೇಕು. ಮಿಕ್ಕಿದ್ದು ಪಶುವೈದ್ಯರನ್ನೇ ಕೇಳು, ನನ್ನ ಬಾಯಿ ಇಷ್ಟಕ್ಕೇ ಒಣಗುತ್ತದೆ.

ಮರಿ ಯಾರ ಮನೆಗೆ ಹೋಗುತ್ತದೆ ಅಂತ ಮಾತ್ರ ಗಂಡುಕುದುರೆ ಹುಡುಕುವ ಮೊದಲೇ ಹೇಳಬೇಕು ನೀನು. ಇಪ್ಪತ್ತೈದು ವರ್ಷ ಬದುಕುವ ಪ್ರಾಣಿ ಅದು. ಬೇಲಿಯಾಚೆಯದೂ ಒಂದು ಕಾಲಕ್ಕೆ ಯಾರೋ ಆಸೆಪಟ್ಟು ಮಾಡಿಸಿದ ಮರಿಯೇ ಇರಬೇಕು, ಕೊಳ್ಳುವವರಿಲ್ಲದೆ ಅಲ್ಲಿಗೆ ಬಂತೋ ಏನೋ. ಮರಿ ಹಾಕಿದ ಹತ್ತು ದಿನದೊಳಗೇ ಮತ್ತೆ ಬೆದೆಗೆ ಬರುತ್ತದೆ, ಬಡಕಲು ಮೈಯಲ್ಲೇ ಮತ್ತೆ ಗಬ್ಬವೂ ಆದೀತು. ನಿನ್ನ ‘ತಪ್ಪಾಗಿದ್ದರೆ’ಗೆ ನಾನು ಮತ್ತೆ ಮತ್ತೆ ಬರುವುದು ಅದಕ್ಕೇ. ನೀನು ತಪ್ಪಾದರೆ ಒಬ್ಬ ಯಜಮಾನನಿಗೆ ಅರ್ಧ ದಿನದ ತಪಾಸಣೆ, ಒಂದಿಷ್ಟು ಸಿಟ್ಟು. ಅದನ್ನೂ ನಾನು ಹಗುರವಾಗಿ ಹೇಳುತ್ತಿಲ್ಲ, ಪಕ್ಕದವರ ಮುಖ ದಿನಾ ನೋಡಬೇಕಾದವಳು ನೀನು.

ನಾಳೆ ಬೆಳಿಗ್ಗೆ ಹೋದಾಗ ತೊಟ್ಟಿಯಲ್ಲಿ ಎಷ್ಟು ನೀರಿದೆ ನೋಡಿ, ಗಂಟೆ ಸಮೇತ ನನಗೆ ಬರಿ.

ನಿನ್ನ
ದೊಡ್ಡಮ್ಮ