ಡಿ.ಎಸ್.ಇ.ಆರ್.ಟಿ.ಗೆ ಹೋದ ಪುಟ್ಟಿಗೆ ದೊಡ್ಡಮ್ಮನ ಪತ್ರ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನನ್ನು ಶಿಕ್ಷಕರ ತರಬೇತಿ, ಪಠ್ಯಕ್ರಮ ನೋಡಿಕೊಳ್ಳುವ ರಾಜ್ಯಮಟ್ಟದ ಸಂಸ್ಥೆ ಡಿ.ಎಸ್.ಇ.ಆರ್.ಟಿ.ಗೆ ಸಹಾಯಕ ನಿರ್ದೇಶಕಿಯಾಗಿ ಹಾಕಿದ್ದಾರೆ, ಸಂಸ್ಥೆಯನ್ನು ಹೊಸದಾಗಿ ಕಟ್ಟುವ ಬಗ್ಗೆ ಟಿಪ್ಪಣಿ ಬರೆಯುವ ತಂಡದಲ್ಲೂ ಸೇರಿಸಿಕೊಂಡಿದ್ದಾರೆ ಎಂದು ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ತುಂಬಾ ಸಂತೋಷವಾಯಿತು. ಶಾಲೆಯಲ್ಲಿ ಪಾಠ ಹೇಳಿ, ಶಿಕ್ಷಕರಿಗೆ ನೆರವಾಗುವ ಬಿ.ಆರ್.ಪಿ.ಯಾಗಿ ತಾಲ್ಲೂಕು ಸುತ್ತಿ, ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಉಪನ್ಯಾಸಕಿಯಾಗಿ ನಿವೃತ್ತಳಾದ ನನಗೆ ಈ ವಿಷಯದಲ್ಲಿ ಹೇಳಬೇಕಾದ್ದು ಬಹಳ ಇದೆ. ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ ಅಂತ ಬರೆಯಲು ಕೂತಿದ್ದೇನೆ.

ಟಿಪ್ಪಣಿ ಬರೆಯಲು ಕೂತಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ವಿಭಾಗ ಇರಬೇಕು, ಯಾವ ಹುದ್ದೆಯ ಕೆಳಗೆ ಯಾವ ಹುದ್ದೆ ಬರಬೇಕು, ಹೊಸ ಆ್ಯಪ್ ಏನು ಮಾಡಬೇಕು ಎಂದು. ಅವೂ ಬೇಕು, ಬೇಡವೆನ್ನುವುದಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಡಯಟ್‌ಗಳು ಬಂದಾಗ ಏಳು ವಿಭಾಗಗಳ ಅಚ್ಚುಕಟ್ಟಾದ ರಚನೆಯೇ ಇತ್ತು. ಸೇವಾಪೂರ್ವ ತರಬೇತಿಗೆ ಒಂದು, ಸೇವಾನಿರತರಿಗೆ ಒಂದು, ಪಠ್ಯಕ್ರಮ ಮತ್ತು ಮೌಲ್ಯಮಾಪನಕ್ಕೆ ಒಂದು, ಯೋಜನೆಗೆ ಒಂದು ಹೀಗೆ. ಕಾಗದದ ಮೇಲೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಕೊರತೆ ಬಿದ್ದದ್ದು ಜನರದು. ಆದ್ದರಿಂದ ನಿನ್ನ ಟಿಪ್ಪಣಿಯಲ್ಲಿ ಬೇರೆ ಏನು ಬಿಟ್ಟರೂ ಇದೊಂದನ್ನು ಬಿಡಬೇಡ: ಶಿಕ್ಷಕರಿಗೆ ತರಬೇತಿ ಕೊಡುವವರು, ಪಠ್ಯಕ್ರಮ ರೂಪಿಸುವವರು ಆ ಕೆಲಸಕ್ಕೆಂದೇ ಆರಿಸಿ ಬಂದವರಾಗಿರಬೇಕು, ಬಂದ ಮೇಲೆ ಅಲ್ಲಿ ನೆಲೆ ನಿಲ್ಲಬೇಕು.

ಈಗ ಏನಾಗುತ್ತದೆ ಎಂದು ನಿನಗೂ ಗೊತ್ತು. ಇವತ್ತು ತಾಲ್ಲೂಕಿನ ಶಿಕ್ಷಣಾಧಿಕಾರಿ (ಬಿ.ಇ.ಒ.) ಆಗಿದ್ದವರು ನಾಳೆ ಡಯಟ್‌ಗೆ ಹಿರಿಯ ಉಪನ್ಯಾಸಕರಾಗಿ ಬರುತ್ತಾರೆ, ಅಲ್ಲಿಂದ ಜಿಲ್ಲೆಯ ಉಪನಿರ್ದೇಶಕರ (ಡಿ.ಡಿ.ಪಿ.ಐ.) ಕಚೇರಿಗೆ ಹೋಗುತ್ತಾರೆ. ವೃಂದ, ಅಂದರೆ ನೇಮಕ-ಬಡ್ತಿಯ ಗುಂಪು, ಒಂದೇ ಆದ್ದರಿಂದ ಯಾರು ಎಲ್ಲಿಗೆ ಬೇಕಾದರೂ ಹೋಗಬಹುದು. ಅಧಿಕಾರವಿರುವ ಹುದ್ದೆ ಸಿಗದವರು ಡಯಟ್‌ನಲ್ಲಿ ದಿನ ಎಣಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಲ್ಲಿ ಬಹುತೇಕರು ಒಳ್ಳೆಯವರು, ಕೆಲವರು ಬಹಳ ಓದಿಕೊಂಡವರು. ಒಬ್ಬರು ಆರಂಭಿಕ ಓದು-ಬರಹದ ಬಗ್ಗೆ ಮೂರ್ನಾಲ್ಕು ವರ್ಷ ಶ್ರಮಪಟ್ಟು ಜಿಲ್ಲೆಯ ಶಾಲೆಗಳನ್ನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ವರ್ಗಾವಣೆ ಆದೇಶ ಬರುತ್ತದೆ. ಅವರ ಜಾಗಕ್ಕೆ ಬಂದವರು ಮತ್ತೆ ಅ, ಆ, ಇ, ಈ ಎಂದು ಮೊದಲಿನಿಂದ ಶುರುಮಾಡಬೇಕು. ಶಿಕ್ಷಕರ ಶಿಕ್ಷಣದ ಕೇಂದ್ರ ಪುರಸ್ಕೃತ ಯೋಜನೆಗೆ 2012ರಲ್ಲಿ ಬಂದ ಮಾರ್ಗಸೂಚಿಯೇ ಶಿಕ್ಷಕ-ಶಿಕ್ಷಣಕ್ಕೆ ಪ್ರತ್ಯೇಕ ವೃಂದ ಬೇಕು ಎಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಮುಂದೆ ಹೋಗಿ, ಡಯಟ್, ತಾಲ್ಲೂಕು ಮಟ್ಟದ ಬಿ.ಆರ್.ಸಿ., ಶಾಲಾ ಗುಂಪಿನ ಮಟ್ಟದ ಸಿ.ಆರ್.ಸಿ.ಗಳ ಸಾಮರ್ಥ್ಯ ಮತ್ತು ಕೆಲಸದ ರೀತಿ ಮೂರು ವರ್ಷಗಳಲ್ಲಿ ಬದಲಾಗಬೇಕು, ಅದರ ಮುಂದಾಳತ್ವ ರಾಜ್ಯಮಟ್ಟದ ಸಂಸ್ಥೆಯದು ಎಂದಿತು. ನೀತಿ ಬಂದು ಎಷ್ಟು ವರ್ಷವಾಯಿತು ಎಂದು ನಿನ್ನ ತಂಡದಲ್ಲಿ ಒಮ್ಮೆ ಕೇಳು.

ಈ ವಿಷಯ ಇಷ್ಟು ಒತ್ತಿ ಹೇಳಲು ಕಾರಣವಿದೆ. ಒಂದು ತಾಲ್ಲೂಕು ಕೇಂದ್ರದಲ್ಲಿ ಗಣಿತ ತರಬೇತಿ ನಡೆಯುತ್ತಿತ್ತು. ಮೂರನೇ ತರಗತಿಯ ಒಬ್ಬ ಟೀಚರ್ ಎದ್ದು ನಿಂತು ಕೇಳಿದಳು: "ಸಾರ್, ನಮ್ಮ ಹುಡುಗ 52ರಲ್ಲಿ 27 ಕಳೆದರೆ 35 ಅಂತ ಬರೀತಾನೆ. ಕಡ್ಡಿ ಕಟ್ಟು ಕೊಟ್ಟರೆ ಸರಿಯಾಗಿ 25 ಅಂತಾನೆ. ಮತ್ತೆ ಸ್ಲೇಟು ಕೊಟ್ಟರೆ 35. ಏನು ಮಾಡಲಿ?" ಎಷ್ಟು ಒಳ್ಳೆಯ ಪ್ರಶ್ನೆ ನೋಡು. ಆ ಹುಡುಗ ಗಮನವಿಲ್ಲದೆ ತಪ್ಪು ಮಾಡುತ್ತಿಲ್ಲ. ಅವನದೊಂದು ನಿಯಮವಿದೆ. ಬಿಡಿಸ್ಥಾನದಲ್ಲಿ 2 ಮತ್ತು 7 ಇದ್ದರೆ ದೊಡ್ಡದರಿಂದ ಚಿಕ್ಕದನ್ನು ಕಳೆದು 5 ಬರೆಯುತ್ತಾನೆ, ಹತ್ತರ ಸ್ಥಾನದಲ್ಲಿ 5ರಿಂದ 2 ಕಳೆದು 3 ಬರೆಯುತ್ತಾನೆ. ಕೈಯಲ್ಲಿ ಮಾಡುವ ಲೆಕ್ಕ ಬೇರೆ, ಸ್ಲೇಟಿನ ಲೆಕ್ಕ ಬೇರೆ ಎಂದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಐದು ಕಟ್ಟು, ಎರಡು ಬಿಡಿ ಕಡ್ಡಿ ಅವನ ಮುಂದಿಟ್ಟು, ಏಳು ಬಿಡಿ ಕಡ್ಡಿ ಕೊಡು ಎಂದು ಕೇಳಿ, ಅವನು ಒಂದು ಕಟ್ಟು ಬಿಚ್ಚಿದ ಆ ಕ್ಷಣದಲ್ಲೇ ಸ್ಲೇಟಿನಲ್ಲಿ 5 ಹೊಡೆದು 4 ಎಂದು, 2ರ ಜಾಗದಲ್ಲಿ 12 ಎಂದು ಬರೆಸಬೇಕು. ಕಡ್ಡಿಯದೆಲ್ಲ ಮುಗಿಸಿ ಆಮೇಲೆ ಬರೆಸಿದರೆ ಎರಡೂ ಒಂದಾಗುವುದೇ ಇಲ್ಲ.

ಅವತ್ತು ಆ ಟೀಚರಿಗೆ ಸಿಕ್ಕ ಉತ್ತರ "ಚೆನ್ನಾಗಿ ಅಭ್ಯಾಸ ಮಾಡಿಸಿ ಮೇಡಂ" ಎಂದಷ್ಟೇ. ಸಂಪನ್ಮೂಲ ವ್ಯಕ್ತಿಯಾಗಿ ಬಂದವರು ಪ್ರೌಢಶಾಲೆಯ ಮೇಷ್ಟ್ರು, ಪಾಠದಲ್ಲಿ ಗಟ್ಟಿಗರು, ಆದರೆ ಮೂರನೇ ತರಗತಿಗೆ ಯಾವತ್ತೂ ಕಲಿಸಿದವರಲ್ಲ. ಹಿಂದಿನ ವಾರವಷ್ಟೇ ಜಿಲ್ಲೆಯಲ್ಲಿ ಮಾಡ್ಯೂಲ್ ಕಲಿತು ಬಂದಿದ್ದರು, ಮಧ್ಯಾಹ್ನದೊಳಗೆ ಇನ್ನೂ ಎರಡು ಅವಧಿ ಮುಗಿಸಬೇಕಿತ್ತು. ಆ ಟೀಚರ್ ಕೂತುಕೊಂಡಳು. ಆಮೇಲೆ ತರಬೇತಿ ಮುಗಿಯುವವರೆಗೆ ಅವಳು ಬಾಯಿ ಬಿಡಲಿಲ್ಲ.

ನಮ್ಮ ತರಬೇತಿಯ ಮಾದರಿಯೇ ಹಾಗಿದೆ, ಪುಟ್ಟಿ. ರಾಜ್ಯದಲ್ಲಿ ಮುಖ್ಯ ಸಂಪನ್ಮೂಲ ವ್ಯಕ್ತಿಗಳಿಗೆ (ಎಂ.ಆರ್.ಪಿ.) ಹೇಳಿಕೊಡುತ್ತಾರೆ, ಅವರು ಜಿಲ್ಲೆಯ ಸಂಪನ್ಮೂಲ ವ್ಯಕ್ತಿಗಳಿಗೆ (ಡಿ.ಆರ್.ಪಿ.), ಡಿ.ಆರ್.ಪಿ.ಗಳು ತಾಲ್ಲೂಕಿನಲ್ಲಿ ಶಿಕ್ಷಕರಿಗೆ. ನಾಲೆ ನೀರು ಕೊನೆಯ ಗದ್ದೆಗೆ ಮುಟ್ಟುವಷ್ಟರಲ್ಲಿ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು: ಕೆಳಗಿನ ಪ್ರಶ್ನೆ ಮೇಲಕ್ಕೆ ಹೋಗುವ ದಾರಿಯೇ ಇಲ್ಲ. ಆ ಟೀಚರಿನ ಪ್ರಶ್ನೆ ಡಯಟ್‌ಗೆ ಮುಟ್ಟಿದ್ದರೆ, ಅಂಥ ಮಕ್ಕಳು ಜಿಲ್ಲೆಯಲ್ಲಿ ಎಷ್ಟಿದ್ದಾರೆ ಎಂದು ಯಾರಾದರೂ ನೋಡಿದ್ದರೆ, ಮುಂದಿನ ವರ್ಷದ ತರಬೇತಿ ಆ ಒಂದು ಲೆಕ್ಕದ ಸುತ್ತಲೇ ನಡೆಯಬಹುದಿತ್ತು. ಮುಟ್ಟಿದ್ದು ಹಾಜರಾತಿ ಪಟ್ಟಿ, ಫೋಟೋ, ಹಣ ಬಳಕೆಯ ಪ್ರಮಾಣಪತ್ರ ಮಾತ್ರ.

ಹಾಗಂತ ನಮ್ಮ ರಾಜ್ಯಕ್ಕೆ ಬೇರೆ ರೀತಿ ಗೊತ್ತೇ ಇಲ್ಲ ಅನ್ನುವಂತಿಲ್ಲ. ಚಿಕ್ಕ ತರಗತಿಯ ಮಕ್ಕಳಿಗೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಎಲ್ಲಿ ಹುಟ್ಟಿತು? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರೇ ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದರು. ಬಂದು ತಮ್ಮ ಮಕ್ಕಳಿಗೆ ತಕ್ಕಂತೆ ಕಾರ್ಡು ಬರೆದರು, ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ ಕಟ್ಟಿದರು, ಗೋಡೆಯ ಕೆಳಗೆ ಮಗುವಿನ ಕೈಗೆ ಎಟುಕುವಂತೆ ಕಪ್ಪು ಬಣ್ಣ ಬಳಿದರು, ಮಕ್ಕಳ ಕೆಲಸವನ್ನು ತೂಗುಹಾಕಲು ತಲೆಯ ಮೇಲೆ ದಾರದ ಚಪ್ಪರ ಕಟ್ಟಿದರು. ಯುನಿಸೆಫ್ ನೆರವಿತ್ತು, ಅಧಿಕಾರಿಗಳ ಬೆಂಬಲವಿತ್ತು, ಆದರೆ ಕೆಲಸ ಶಿಕ್ಷಕರದು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಆಗ ಕಾರ್ಡುಗಳು ಅಚ್ಚಾಗಿ ಡಬ್ಬದಲ್ಲಿ ಬಂದವು. ಒಂದು ಕಾರ್ಡು ತನ್ನ ಮಕ್ಕಳಿಗೆ ಹೊಂದದಿದ್ದರೆ ಬದಲಾಯಿಸುವ ಧೈರ್ಯ ಬಹುಪಾಲು ಶಿಕ್ಷಕರಿಗೆ ಬರಲಿಲ್ಲ. ಡಬ್ಬದ ಜೊತೆ ಕಾರ್ಡು ಮಾಡುವ ವಿದ್ಯೆಯನ್ನು ನಾವು ಕಳಿಸಿರಲಿಲ್ಲ. ನಲಿ-ಕಲಿ ಸೋತಿತು ಅನ್ನುವವರ ಜೊತೆ ನಾನು ಒಪ್ಪುವುದಿಲ್ಲ. ಅದನ್ನು ಹುಟ್ಟಿಸಿದ ರೀತಿಯನ್ನು ರಾಜ್ಯಕ್ಕೆ ಹರಡದೆ ಬರೀ ಸಾಮಗ್ರಿ ಹರಡಿದೆವು, ಅಷ್ಟೇ. ಹಳೆಯ ಕಡತ ಸಿಕ್ಕರೆ ಹೆಗ್ಗಡದೇವನಕೋಟೆಯ ಆ ಮೊದಲ ವರ್ಷಗಳದನ್ನು ತೆಗೆದು ಓದು.

ಪಠ್ಯಪುಸ್ತಕದ ಮಾತಿಗೆ ಬಂದರೆ, ನಿನ್ನ ತಂಡಕ್ಕೆ ಒತ್ತಡ ಬಂದೇ ಬರುತ್ತದೆ. ಬರಗೂರು ರಾಮಚಂದ್ರಪ್ಪನವರ ಸಮಿತಿ ಪರಿಷ್ಕರಿಸಿದ ಪುಸ್ತಕಗಳು 2017ರಲ್ಲಿ ಬಂದವು. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆ ಬಂತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಮತ್ತೆ ತಿದ್ದುಪಡಿ, ಅದೂ ಶಾಲೆ ಶುರುವಾದ ಮೇಲೆ. ಯಾವ ಪಾಠ ಇರಬೇಕು, ಯಾವುದು ಬೇಡ ಎನ್ನುವುದು ಸಮಾಜ ಚರ್ಚಿಸಬೇಕಾದ ವಿಷಯವೇ. ಆದರೆ ಆರನೇ ತರಗತಿಯ ಮಗು ಈ ವಾಕ್ಯವನ್ನು ಓದಿ ಅರ್ಥ ಮಾಡಿಕೊಳ್ಳುತ್ತದೆಯೇ, ಇಷ್ಟು ಪಾಠ ವರ್ಷದ ಅವಧಿಗಳಲ್ಲಿ ಮುಗಿಯುತ್ತದೆಯೇ, ತಾಂಡಾದಲ್ಲಿ ಲಂಬಾಣಿ ಮಾತಾಡುವ ಮಗುವಿಗೆ, ಮನೆಯಲ್ಲಿ ತುಳು ಅಥವಾ ಉರ್ದು ಮಾತಾಡುವ ಮಗುವಿಗೆ, ಕಲಬುರಗಿ ಕಡೆಯ ಕನ್ನಡದಲ್ಲಿ ಬೆಳೆದ ಮಗುವಿಗೆ ಇದು ಹೇಗೆ ಕೇಳಿಸುತ್ತದೆ ಎಂದು ನೋಡುವ ಕೆಲಸ ಯಾರದು? ಸಮಿತಿ ಬರುತ್ತದೆ, ಹೋಗುತ್ತದೆ. ಈ ಕೆಲಸ ಸಂಸ್ಥೆಯದು. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಪಠ್ಯಕ್ರಮ ಮತ್ತು ಮೌಲ್ಯಮಾಪನದ ಹೊಣೆಯನ್ನು ಶೈಕ್ಷಣಿಕ ಪ್ರಾಧಿಕಾರಕ್ಕೆ, ಅಂದರೆ ನಿಮ್ಮಂಥ ಸಂಸ್ಥೆಗೆ, ಕೊಟ್ಟಿದೆ. ಆ ಬಲವನ್ನು ಬಳಸಿಕೊಳ್ಳಿ. ಅಚ್ಚಿಗೆ ಹೋಗುವ ಮೊದಲು ಪ್ರತಿ ಪುಸ್ತಕವೂ ಒಂದು ವರ್ಷ ಕೆಲವು ಶಾಲೆಗಳಲ್ಲಿ ಪಾಠವಾಗಬೇಕು, ಪಾಠ ಮಾಡಿದ ಶಿಕ್ಷಕರು ಬರೆದುಕೊಟ್ಟ ಟಿಪ್ಪಣಿ ಸಮಿತಿಯ ಮುಂದೆ ಬರಬೇಕು, ಅಧ್ಯಕ್ಷರು ಯಾರೇ ಆಗಿರಲಿ. ಇದನ್ನು ನಿಯಮವಾಗಿ ಬರೆಯಿಸು, ಸಲಹೆಯಾಗಿ ಅಲ್ಲ. ಸಲಹೆಗಳನ್ನು ಯಾರೂ ಓದುವುದಿಲ್ಲ.

ನಿಮ್ಮ ಸಂಸ್ಥೆಯಂಥದೇ ರಾಷ್ಟ್ರಮಟ್ಟದ ಸಂಸ್ಥೆ ಎನ್.ಸಿ.ಇ.ಆರ್.ಟಿ. 1961ರಲ್ಲಿ ಶುರುವಾಯಿತು. ಎರಡು ವರ್ಷಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅದರ ಪ್ರಾದೇಶಿಕ ಸಂಸ್ಥೆ ಬಂತು. ಅದರ ಆವರಣದಲ್ಲೇ ಒಂದು ಶಾಲೆ ಇದೆ, ನಿನಗೆ ಗೊತ್ತಿರಬೇಕು. ಶಿಕ್ಷಕರಾಗಲು ಓದುವವರು, ಅವರಿಗೆ ಕಲಿಸುವವರು ಇಬ್ಬರೂ ಮಕ್ಕಳಿಂದ ಕೂಗಳತೆಯಲ್ಲಿದ್ದಾರೆ. ನಮ್ಮ ಪ್ರತಿ ಡಯಟ್‌ಗೂ ಹತ್ತಿರದ ಒಂದೆರಡು ಸರ್ಕಾರಿ ಶಾಲೆಗಳನ್ನು ಹೀಗೆ ಜೋಡಿಸಬೇಕು, ಉಪನ್ಯಾಸಕರು ವಾರದಲ್ಲಿ ಕೆಲವು ಅವಧಿ ಅಲ್ಲಿ ಸ್ವತಃ ಪಾಠ ಮಾಡಬೇಕು ಎಂಬುದು ನನ್ನ ಬಹಳ ದಿನದ ಆಸೆ. ಪೀಠೋಪಕರಣಕ್ಕೆ ಕೊಡುವ ಹಣಕ್ಕಿಂತ ಕಡಿಮೆಯಲ್ಲಿ ಆಗುತ್ತದೆ. ಆದರೆ ಯಾರನ್ನೂ ಒತ್ತಾಯಕ್ಕೆ ಕಳಿಸಬಾರದು. ಅಂಥ ಪಾಠಕ್ಕೆ ಮನಸ್ಸಿರುವವರನ್ನೇ ಡಯಟ್‌ಗೆ ಆರಿಸಬೇಕು, ಆರಿಸುವಾಗ ಲಿಖಿತ ಪರೀಕ್ಷೆಯ ಜೊತೆ ಒಂದು ತರಗತಿಯನ್ನೂ ಮಾಡಿಸಿ ನೋಡಬೇಕು.

ಬೇರೆ ರಾಜ್ಯಗಳಲ್ಲಿ ಈ ಕೆಲಸಕ್ಕೆ ಪರಿಷತ್ತು ಇದೆ, ನಮ್ಮಲ್ಲಿ ಇಲಾಖೆ ಇದೆ, ನಾವೂ ಸ್ವಾಯತ್ತ ಪರಿಷತ್ತು ಮಾಡೋಣ ಎಂಬ ಮಾತು ನಿಮ್ಮ ಸಭೆಯಲ್ಲಿ ಬರುತ್ತದೆ. ಮಾಡಿದರೆ ಒಳ್ಳೆಯದೇ. ವೃಂದವನ್ನು ಮೊದಲು ಬದಲಿಸದೆ ಮಾಡಿದರೆ ಅದೇ ಜನ ನಿಯೋಜನೆಯ ಮೇಲೆ ಬಂದು ಅದೇ ಕುರ್ಚಿಗಳಲ್ಲಿ ಕೂರುತ್ತಾರೆ, ಬೋರ್ಡು ಮಾತ್ರ ಹೊಸದು. ಯಾವುದು ಮೊದಲು ಎಂದು ಕೇಳಿದರೆ ವೃಂದ ಎಂದು ಹೇಳು.

ಇನ್ನು ಆನ್‌ಲೈನ್ ಕೋರ್ಸು, ದೀಕ್ಷಾ ಎಂಬ ಕಲಿಕಾ ಜಾಲತಾಣ, ವರ್ಷಕ್ಕೆ 50 ಗಂಟೆಯ ವೃತ್ತಿಪರ ಅಭಿವೃದ್ಧಿ. ಇರಲಿ. ಗಂಟೆ ಎಣಿಸುವುದು ಸುಲಭ, ಅದಕ್ಕೇ ಎಲ್ಲರೂ ಎಣಿಸುತ್ತಾರೆ. ತಿಂಗಳ ಸಮಾಲೋಚನಾ ಸಭೆಯಲ್ಲಿ ಒಬ್ಬ ಶಿಕ್ಷಕಿ ತನ್ನ ಮಕ್ಕಳ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟು, ಉಳಿದವರು ಅದನ್ನು ನೋಡಿ ಮಾತಾಡಿದರೆ, ಆ ಒಂದು ಗಂಟೆಯನ್ನು ನಾನು ಎಲ್ಲಕ್ಕಿಂತ ಮೇಲೆ ಎಣಿಸುತ್ತೇನೆ. ಆ ಸಭೆಗಳು ಸುತ್ತೋಲೆ ಓದುವುದರಲ್ಲೇ ಕಳೆದುಹೋಗುತ್ತಿವೆ. ಸಿ.ಆರ್.ಪಿ.ಗಳ (ಶಾಲಾ ಗುಂಪಿನ ಸಂಪನ್ಮೂಲ ವ್ಯಕ್ತಿಗಳ) ಮೇಲಿರುವ ಅಂಕಿ-ಅಂಶ ಸಂಗ್ರಹದ ಹೊರೆ ಇಳಿಸದೆ ಅದು ಸರಿಯಾಗುವುದಿಲ್ಲ. ಹಾಗೆಯೇ, ವರ್ಷದ ಕೊನೆಗೆ ಅನುದಾನ ಬಿಡುಗಡೆಯಾಗಿ ಮಾರ್ಚ್ ಒಳಗೆ ಖರ್ಚಾಗಲಿ ಎಂದು ತರಬೇತಿ ಇಡುವುದು ನಿಲ್ಲಬೇಕು. ಇಬ್ಬರೇ ಶಿಕ್ಷಕರಿರುವ ಶಾಲೆಯಿಂದ ಒಬ್ಬರನ್ನು ಪರೀಕ್ಷೆಯ ಹೊತ್ತಿಗೆ ಎಬ್ಬಿಸಿಕೊಂಡು ಹೋದರೆ ಆ ಮಕ್ಕಳ ಗತಿ ಏನು?

ನಿನ್ನ ಸ್ವಂತದ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಕಚೇರಿಯಲ್ಲಿ ಕೂತರೆ ಮೀಟಿಂಗು, ವಿಡಿಯೋ ಕಾನ್ಫರೆನ್ಸು, ವಿಧಾನಸಭೆಯ ಪ್ರಶ್ನೆಗೆ ಉತ್ತರ ಇವುಗಳಲ್ಲೇ ವರ್ಷ ಕಳೆದುಹೋಗುತ್ತದೆ. ಶಾಲೆಗೆ ಹೋಗುವುದನ್ನು ಬಿಡಬೇಡ. ಮುಂಚೆ ತಿಳಿಸಿ ಹೋದರೆ ಹಾರ, ಸ್ವಾಗತಗೀತೆ ಕಾದಿರುತ್ತವೆ, ಪಾಠ ಕಾಣುವುದಿಲ್ಲ. ಮುಖ್ಯ ಶಿಕ್ಷಕರಿಗೆ ಬೆಳಿಗ್ಗೆ ಒಂದು ಫೋನ್ ಸಾಕು. ತಪಾಸಣೆಗೆ ಬಂದಿಲ್ಲ, ಕಲಿಯಲು ಬಂದಿದ್ದೇನೆ ಎಂದು ಮೊದಲೇ ಹೇಳು. ಕೊನೆಯ ಸಾಲಿನಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕೂತು ಒಬ್ಬ ಮಗುವಿನ ನೋಟ್‌ಬುಕ್ ಮೊದಲ ಪುಟದಿಂದ ತಿರುವಿ ನೋಡು. ಎಲ್ಲಿ ಕಲಿಕೆ ನಿಂತಿತು ಎಂದು ಪುಟವೇ ತೋರಿಸುತ್ತದೆ. ಟೀಚರಿನ ತಪ್ಪನ್ನು ಮಕ್ಕಳ ಮುಂದೆ ಎತ್ತಿ ಆಡಬೇಡ, ಆಮೇಲೂ ಬರೆದು ಕಳಿಸಬೇಡ. ಅವಳಿಗೆ ಏನು ಬೇಕು ಎಂದು ಕೇಳಿ, ಬೇಕಾದ್ದನ್ನು ಒದಗಿಸಿ, ಆಮೇಲೆ ಮಾತಾಡು.

ನಿನಗಿಂತ ಮೇಲಿನವರು ಪ್ರತ್ಯೇಕ ವೃಂದಕ್ಕೆ ಆರ್ಥಿಕ ಇಲಾಖೆ ಒಪ್ಪುವುದಿಲ್ಲ, ನಿಯಮ ತಿದ್ದಬೇಕು, ಸೇವಾ ಹಿರಿತನದ ಕೋರ್ಟ್ ಕೇಸು ಬೀಳುತ್ತದೆ ಎನ್ನುತ್ತಾರೆ. ಎಲ್ಲವೂ ನಿಜವಾದ ತೊಡಕುಗಳೇ. ಆಗ ಚಿಕ್ಕದಾಗಿ ಶುರುಮಾಡಲು ಕೇಳು. ಎರಡು ಡಯಟ್ ಸಾಕು, ಒಂದು ಕಲ್ಯಾಣ ಕರ್ನಾಟಕದಲ್ಲಿ, ಒಂದು ಹಳೇ ಮೈಸೂರು ಕಡೆ. ಅಲ್ಲಿಗೆ ಇರುವ ವೃಂದದಿಂದಲೇ, ಬರಲು ಇಷ್ಟಪಟ್ಟವರನ್ನು ಮಾತ್ರ ಆರಿಸಿ, ಐದು ವರ್ಷ ವರ್ಗಾವಣೆ ಇಲ್ಲ ಎಂದು ಆದೇಶ ಮಾಡಿಸಿ, ಒಂದೊಂದು ಶಾಲೆ ಜೋಡಿಸಿ. ಈ ಆದೇಶಕ್ಕೆ ಹೊಸ ಹುದ್ದೆ ಬೇಡ, ಹೊಸ ಕಟ್ಟಡವೂ ಬೇಡ.

ಕರಡು ಸಿದ್ಧವಾದಾಗ ನನಗೊಂದು ಪ್ರತಿ ಕಳಿಸು. ಓದಿ, ಬದಿಯಲ್ಲಿ ಗುರುತು ಹಾಕಿ ಕಳಿಸುತ್ತೇನೆ. ದಸರಾ ರಜೆಯಲ್ಲಿ ಬಂದರೆ ಕೂತು ಮಾತಾಡೋಣ. ಇಲ್ಲಿ ಪಕ್ಕದ ಊರಿನ ಶಾಲೆಯ ಟೀಚರೊಬ್ಬಳು ಎರಡನೇ ತರಗತಿಯ ಮಕ್ಕಳಿಗೆ ಒತ್ತಕ್ಷರ ಕಲಿಸಲು ತಾನೇ ಕಾರ್ಡು ಮಾಡಿಕೊಂಡಿದ್ದಾಳೆ. ಶಾಲೆ ಶುರುವಾಗುವ ದಿನದವರೆಗೆ ಉಳಿದರೆ ಕರೆದುಕೊಂಡು ಹೋಗುತ್ತೇನೆ.

ನಿಮ್ಮಮ್ಮನಿಗೆ, ಅಪ್ಪನಿಗೆ ನಮ್ಮ ನೆನಪು ತಿಳಿಸು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ